ನೂರಾ ಹದಿನೆಂಟನೇ ಮರ

ಜಡೆಪ್ಪನ ಸೈಕಲ್ಲಿನ ಮುಂದಿನ ಗಾಲಿಯ ಒಂದು ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿರುತ್ತಿತ್ತು. ಗಾಲಿ ಒಂದು ಸುತ್ತು ತಿರುಗಿದರೆ ಚೂರು ಒಂದು ಸಲ ಮೇಲೆ ಬರುತ್ತಿತ್ತು. ನಾನೂರ ಐವತ್ತೈದು ಸಲ ಬಂದರೆ ಒಂದು ಕಿಲೋಮೀಟರು. ಅವನು ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತ ಮನಸ್ಸಿನಲ್ಲೇ ಎಣಿಸುತ್ತಿದ್ದ. ನೂರು ಆದಾಗಲೆಲ್ಲ ಎಡ ಜೇಬಿನ ಒಂದು ಹುಣಸೆಬೀಜ ಬಲ ಜೇಬಿಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ರಸ್ತೆ ಬದಿಯ ಊರುಗಳಲ್ಲಿ ಅವನಿಗೆ ಸೊಕ್ಕಿನವ ಎಂಬ ಹೆಸರಿತ್ತು.

ಅವನು ಲೋಕೋಪಯೋಗಿ ಇಲಾಖೆಯಲ್ಲಿ ಕಿಲೋಮೀಟರು ಕಲ್ಲುಗಳಿಗೆ ಬಣ್ಣ ಬಳಿದು ಊರಿನ ಹೆಸರು, ದೂರ ಬರೆಯುವವ. ಹುಟ್ಟಿದ್ದು ಚೋರನೂರಿನಲ್ಲಿ, ಓದಿದ್ದು ಮೂರನೇ ಕ್ಲಾಸು. ಇಪ್ಪತ್ತೇಳನೇ ವಯಸ್ಸಿಗೆ ಜಲ್ಲಿ ಒಡೆಯುವ ಗ್ಯಾಂಗಿಗೆ ಸೇರಿದ. ಬಣ್ಣದವನು ಒಂದು ದಿನ ಜ್ವರ ಬಂದು ಮಲಗಿದಾಗ ಮೇಸ್ತ್ರಿ ಕುಂಚವನ್ನು ಇವನ ಕೈಗೆ ಕೊಟ್ಟ. ಮೂವತ್ತೊಂದು ವರ್ಷ ಅದು ಇವನ ಕೈಯಲ್ಲೇ ಉಳಿಯಿತು. ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ರಸ್ತೆಯ ಕಲ್ಲಿಗೆ ಹಸಿರು ತಲೆ. ರಸ್ತೆ ಬದಿಯ ಮರಗಳಿಗೆ ಸೊಂಟದ ಎತ್ತರಕ್ಕೆ ಬಿಳಿ ಕೆಂಪು ಪಟ್ಟಿ ಎಳೆದು ನಂಬರು ಹಾಕುವುದೂ ಅವನದೇ ಕೆಲಸ. ಯಾವ ಮರದ ನಂಬರು ಎಷ್ಟು ಎಂದು ಕೇಳಿದರೆ, ಅಕ್ಕಪಕ್ಕದ ಮನೆಯವರ ಹೆಸರು ಹೇಳಿದ ಹಾಗೆ ಹೇಳುತ್ತಿದ್ದ.

ಕಮಲಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಾಸುದೇವ ಅವನನ್ನು ಮೊದಲು ಕಂಡದ್ದು 1979ರಲ್ಲಿ. ಶಾಲೆಯ ಮುಂದಿನ ಕಲ್ಲಿನ ಮೇಲೆ ಕಂಪ್ಲಿಗೆ ಇದ್ದ ದೂರವನ್ನು ಅಳಿಸಿ ಜಡೆಪ್ಪ ಒಂದು ಕಿಲೋಮೀಟರು ಹೆಚ್ಚು ಬರೆಯುತ್ತಿದ್ದ.

“ಏನಪ್ಪ, ನಿನ್ನೆಗಿಂತ ಇವತ್ತು ಕಂಪ್ಲಿ ದೂರ ಹೋತೇನು?” ಎಂದ ವಾಸುದೇವ.

“ಕಂಪ್ಲಿ ಎಲ್ಲೂ ಹೋಗಿಲ್ರಿ. ಮೊದಲು ಬರದವ ಬಸ್ಸಿನ್ಯಾಗ ಕುಂತು ಬರದಾನ. ನಾ ನಡದೀನಿ. ನಂಬಿಕಿ ಇಲ್ದಿದ್ರ ನೀವೂ ನಡೀರಿ ಮಾಸ್ತರ್ರ.”

ಮುಂದಿನ ಭಾನುವಾರ ವಾಸುದೇವ ಅವನ ಜೊತೆ ನಡೆದ. ಅರ್ಧ ದಾರಿಗೆ ಎಣಿಕೆ ತಪ್ಪಿತು. ಜಡೆಪ್ಪನದು ತಪ್ಪಲಿಲ್ಲ. ಗೆಳೆತನ ಶುರುವಾದದ್ದು ಅಲ್ಲಿಂದ.

ಇಬ್ಬರೂ 2004ರಲ್ಲಿ ನಿವೃತ್ತರಾದರು. ಕಬ್ಬಿಣದ ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಹಗಲೂ ರಾತ್ರಿ ಲಾರಿಗಳು ಇಳಿಯುತ್ತಿದ್ದವು. ಹಳದಿ ತಲೆ, ಹಸಿರು ತಲೆ ಎಲ್ಲವೂ ಕೆಂಪಾದವು. ಜಡೆಪ್ಪ ಟಿವಿಎಸ್ ಮೊಪೆಡ್ಡು ಕೊಂಡು, ಸಂಬಳ ಇಲ್ಲದಿದ್ದರೂ ವಾರಕ್ಕೊಮ್ಮೆ ಒದ್ದೆ ಬಟ್ಟೆ ಹಿಡಿದು ಹೊರಟು ಕಲ್ಲುಗಳ ಮುಖ ಒರೆಸಿ ಬರುತ್ತಿದ್ದ. ಹೆಂಡತಿ ಜಂಬವ್ವ, “ಮನ್ಯಾಗಿನ ಕಿಟಕಿ ಒಮ್ಮಿ ಒರಸಿಲ್ಲ ಈ ಮನಷ್ಯಾ” ಎಂದು ವಾಸುದೇವನ ಹತ್ತಿರ ದೂರುತ್ತಿದ್ದಳು.

2006ರ ಮಳೆಗಾಲ ಮುಗಿಯುವ ಹೊತ್ತಿಗೆ ಅಭಯ ಎಂಬುವನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಜಡೆಪ್ಪನ ಮನೆ ಹುಡುಕಿಕೊಂಡು ಬಂದ. ಮೈಸೂರಿನವನು, ನಲವತ್ತರ ಆಸುಪಾಸು. ಅವನ ಗೆಳೆಯರ ಗುಂಪೊಂದು ಹಳೆಯ ಕಾರುಗಳನ್ನು ಸಾಕಿಕೊಂಡಿತ್ತು. ಜನವರಿಯಲ್ಲಿ ಹದಿನೇಳು ಕಾರುಗಳು ಮೈಸೂರಿನಿಂದ ಹೈದರಾಬಾದಿಗೆ ಹತ್ತು ದಿನದ ಪ್ರಯಾಣ ಹೊರಡುವುದಿತ್ತು. ಎಲ್ಲಕ್ಕಿಂತ ಹೊಸ ಕಾರು 1956ರದು. ಹೆದ್ದಾರಿಯಲ್ಲಿ ಅದಿರಿನ ಲಾರಿಗಳ ನಡುವೆ ಆ ಕಾರುಗಳು ಬದುಕುವುದಿಲ್ಲ. ಬ್ರೇಕು ಹಳೆಯವು, ಧೂಳು ಹೋದರೆ ಎಂಜಿನ್ನು ಕೆಮ್ಮಿ ನಿಲ್ಲುತ್ತದೆ. ಅದಕ್ಕೆ ಒಳದಾರಿಗಳು ಬೇಕಾಗಿದ್ದವು. ಒಂದು ದಿನ ಚೋರನೂರಿನಿಂದ ಸಂಡೂರಿನ ಮೇಲೆ ಹೊಸಪೇಟೆಗೆ. ಮರುದಿನ ಹಂಪಿಯಿಂದ ಕಂಪ್ಲಿ, ಎಮ್ಮಿಗನೂರಿನ ಮೇಲೆ ಬಳ್ಳಾರಿಗೆ. ಅವನು ತಂದಿದ್ದ ನಕ್ಷೆಯಲ್ಲಿ ಇದ್ದ ರಸ್ತೆಗಳು ನೆಲದ ಮೇಲಿರಲಿಲ್ಲ, ನೆಲದ ಮೇಲಿದ್ದವು ನಕ್ಷೆಯಲ್ಲಿರಲಿಲ್ಲ. ಇಲಾಖೆಯ ಎಂಜಿನಿಯರ್ ಒಬ್ಬರು, “ನಕ್ಷೆ ಬಿಡ್ರಿ, ಜಡೆಪ್ಪನ್ನ ಕೇಳ್ರಿ” ಅಂದಿದ್ದರು.

“ದೂರ ಎಲ್ಲಾ ಬಾಯಾಗ ಹೇಳ್ತೀನಿ, ಬರಕೊಳ್ರಿ” ಎಂದ ಜಡೆಪ್ಪ.

“ದೂರ ಇದ್ದರೆ ಸಾಲದು ಜಡೆಪ್ಪನವರೇ. ಹದಿನೇಳರಲ್ಲಿ ಹನ್ನೊಂದು ಕಾರಿನ ಮೀಟರು ಕೆಲಸ ಮಾಡೋದಿಲ್ಲ. ಉಳಿದವು ಮೈಲಿ ಲೆಕ್ಕ, ಅದೂ ಒಂದೊಂದು ಒಂದೊಂದು ಹೇಳುತ್ತೆ. ಗುರುತು ಬೇಕು. ಇಂಥಾ ಗುಡಿ ಕಂಡಾಗ ಎಡಕ್ಕೆ, ಇಂಥಾ ಮರ ಕಂಡಾಗ ಬಲಕ್ಕೆ, ಹಾಗೆ.”

“ಗುರುತಿಗೇನ್ರಿ, ಬೇಕಾದಷ್ಟು ಅದಾವ.”

ಕೂಲಿ ಎಷ್ಟು ಎಂದು ಅಭಯ ಕೇಳಿದ.  ಜಡೆಪ್ಪ, ಮೂವತ್ತೊಂದು ವರ್ಷ ನಡೆದ ರಸ್ತೆಯ ಮೇಲೆ ತಾನು ಒಮ್ಮೆಯೂ ಕಾರಿನಲ್ಲಿ ಕುಳಿತು ಹೋಗಿಲ್ಲ ಎಂದ. ಬಸ್ಸಿನಲ್ಲಿ ಹೋದರೆ ಜನ ನಿಂತಿರುತ್ತಾರೆ, ಕಲ್ಲು ಕಾಣುವುದಿಲ್ಲ. ಮೊಪೆಡ್ಡಿನ ಮೇಲೆ ಹಳ್ಳ ತಪ್ಪಿಸುವುದರಲ್ಲೇ ಗಮನ. ಆರಾಮಾಗಿ ಕುಳಿತು ತನ್ನ ಕಲ್ಲುಗಳನ್ನು ಒಂದು ಸಲ ನೋಡಬೇಕು.

ಅಭಯ ನಕ್ಕ. “ಗುರುತೆಲ್ಲ ಒಂದು ಪುಸ್ತಕದಲ್ಲಿ ಬರೆದು ಕೊಡಿ. ಮೊದಲ ದಿನ ಅದನ್ನ ನೋಡಿಕೊಂಡು ನಾವು ನೆಟ್ಟಗೆ ಬಂದರೆ, ಎರಡನೇ ದಿನ ಎಲ್ಲಕ್ಕಿಂತ ಮುಂದಿನ ಕಾರಿನಲ್ಲಿ ನೀವೇ. ಆಯ್ತಾ?”

ಚಿತ್ತವಾಡ್ಗಿಗೆಲ್ಲ ಸುದ್ದಿಯಾಯಿತು. ಜಡೆಪ್ಪ ಬಿಳಿ ಅಂಗಿ ಹೊಲಿಸಲು ಕೊಟ್ಟ. “ಮದುವಿಗೆ ಕರೀ ಅಂಗಿ ಹಾಕ್ಕೊಂಡು ಬಂದಿದ್ದ, ಈಗ ನೋಡ್ರಿ” ಎಂದಳು ಜಂಬವ್ವ.

ಡಿಸೆಂಬರಿನಲ್ಲಿ ಇಬ್ಬರೂ ಮೊಪೆಡ್ಡಿನಲ್ಲಿ ದಾರಿ ನೋಡಲು ಹೊರಟರು. ಜಡೆಪ್ಪ ಮುಂದೆ, ನೋಟ್‌ಬುಕ್ಕು ಹಿಡಿದ ವಾಸುದೇವ ಹಿಂದೆ. ಜಡೆಪ್ಪ ಗಾಡಿ ನಿಲ್ಲಿಸಿ ಕೈ ತೋರಿಸಿ ಹೇಳುವನು. ವಾಸುದೇವ ಇಂಗ್ಲಿಷಿನಲ್ಲಿ ಬರೆಯುವನು. ಚೋರನೂರಿನಿಂದ ಸಂಡೂರಿನ ಕಡೆಗೆ ಬರುವಾಗ ಒಂದೇ ಒಂದು ಕಡೆ ದಾರಿ ತಪ್ಪುವ ಭಯವಿತ್ತು. ಅದು ಹುಣಸೆಮರದ ಕ್ರಾಸು. ಅಲ್ಲಿ ನೇರ ಹೋದರೆ ಗಣಿ. ಬಲಕ್ಕೆ ತಿರುಗಿದರೆ ಸಂಡೂರು.

“ಬರೀರಿ ಮಾಸ್ತರ್ರ. ದೊಡ್ಡ ಹುಣಸೆಮರ, ನಂಬರು ನೂರಾ ಹದಿನೆಂಟು. ಅದು ಕಂಡ ಕೂಡಲೆ ಬಲಕ್ಕ.”

ವಾಸುದೇವ ಬರೆದ. ಜಡೆಪ್ಪನ ಜೇಬಿನ ಎಣಿಕೆಯ ಬೀಜಗಳೆಲ್ಲ ಆ ಮರದವೇ. ಕ್ರಾಸಿನಲ್ಲಿ ಭರಮಣ್ಣನ ಚಹಾದಂಗಡಿ. ಇಬ್ಬರೂ ನೆರಳಲ್ಲಿ ಕುಳಿತು ಚಹಾ ಕುಡಿದರು. ಈ ವರ್ಷ ಹುಣಸೆ ಹೇಗೆ ಎಂದೇನೋ ಮಾತಾಡಿದ ನೆನಪೂ ವಾಸುದೇವನಿಗಿದೆ.

ಜನವರಿ ಬಂತು. ಕಾರುಗಳು ಬರುವ ದಿನ ಸಂಡೂರಿನ ಬಯಲೊಂದರಲ್ಲಿ ಅವರಿಗಾಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಸಿದ್ಧವಾಗಿತ್ತು. ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡೂವರೆ ಆದರೂ ಬರಲಿಲ್ಲ. ಮಿರ್ಚಿ ಮೆತ್ತಗಾದವು. ಬಿಳಿ ಅಂಗಿಯ ಜಡೆಪ್ಪ ರಸ್ತೆಗೂ ಬಯಲಿಗೂ ಓಡಾಡುತ್ತಿದ್ದ. ಒಂದು ಗಂಟೆಗೆ ವಾಸುದೇವನ ಮೊಬೈಲಿಗೆ ಅಭಯನ ಕರೆ ಬಂತು. ಜಡೆಪ್ಪ ಕಿತ್ತುಕೊಂಡ.

“ಹುಣಸೆಮರ ಎಲ್ಲಿದೆ ಜಡೆಪ್ಪನವರೇ?”

“ಕ್ರಾಸಿನ್ಯಾಗ ಐತ್ರಿ. ಭಾಳ ದೊಡ್ಡದು, ಯಾರಿಗೂ ತಪ್ಪಂಗಿಲ್ಲ.”

ಕರೆ ಕಡಿದುಹೋಯಿತು. ಇಬ್ಬರೂ ಮೊಪೆಡ್ಡು ಹತ್ತಿದರು. ಕ್ರಾಸಿಗೆ ಬಂದಾಗ ಜಡೆಪ್ಪ ನೆಲದ ಮೇಲಿನ ಗಾಲಿಯ ಗುರುತು ನೋಡಿ, “ಸೀದಾ ಹೋಗ್ಯಾರ, ಗಣಿ ಕಡೆಗೆ” ಎಂದು ಆ ಕಡೆ ತಿರುಗಿಸಿದ. ಮುಕ್ಕಾಲು ಕಿಲೋಮೀಟರು ಹೋಗುವುದರಲ್ಲಿ ಸಿಕ್ಕರು.

ಅದಿರು ತುಂಬಲು ಕಾಯುತ್ತಿದ್ದ ಲಾರಿಗಳ ಸಾಲು. ಹಿಂದೆ ಲಾರಿ, ಮುಂದೆ ಲಾರಿ. ನಡುನಡುವೆ ಒಂದೊಂದಾಗಿ ಹದಿನೇಳು ಕಾರುಗಳು. ಮೈಸೂರಿನಲ್ಲಿ ಹೊಳೆಯುವಂತೆ ಉಜ್ಜಿ ತಂದಿದ್ದ ಕೆನೆ ಬಣ್ಣ, ಕಡುನೀಲಿ, ಕಪ್ಪು ಎಲ್ಲ ಒಂದೇ ಕೆಂಪಾಗಿತ್ತು. ಅಭಯನ ದೊಡ್ಡ ಪ್ಲಿಮತ್ ಮೂಗು ತೆರೆದು ಹೊಗೆ ಬಿಡುತ್ತಿತ್ತು. ಲಾರಿ ಚಾಲಕರು ರಸ್ತೆ ಬದಿಯಲ್ಲಿ ಅನ್ನಕ್ಕಿಟ್ಟು, ಇವನ್ನು ಸುತ್ತುಹಾಕಿ ನೋಡುತ್ತಿದ್ದರು. ಅರ್ಚಿತಾ ಎಂಬ ಹೆಣ್ಣುಮಗಳು ತನ್ನ ತಾತನ ಕಾಲದ 1934ರ ಪುಟ್ಟ ಆಸ್ಟಿನ್ನಿನ ಮೆಟ್ಟಿಲ ಮೇಲೆ ಕುಳಿತು ಒಬ್ಬ ಚಾಲಕನ ಜೊತೆ ಚಹಾ ಕುಡಿಯುತ್ತಿದ್ದಳು. ಅವಳೊಬ್ಬಳಿಗೆ ಮಾತ್ರ ಬೇಜಾರಾದಂತೆ ಕಾಣಲಿಲ್ಲ.

“ನಾಲ್ಕು ಜನರನ್ನ ಕೇಳಿದ್ವಿ ಸರ್” ಎಂದಳು ವಾಸುದೇವನಿಗೆ. “ಹುಣಸೆಮರ ಎಲ್ಲಿ ಅಂದ್ರೆ ಮೂರು ಜನ ‘ಮುಂದೆ ಹೋಗಿ, ಅಲ್ಲೇ ಇದೆ’ ಅಂದ್ರು. ಇನ್ನೊಬ್ಬ ಒಂದು ಕಡೆ ಸುಮ್ಮನೆ ನಿಂತಿದ್ದ. ನಾನು ಹುಣಸೆಮರದ ಕೆಳಗೇ ನಿಂತಿದ್ದೀನಲ್ಲ ಅಂದ. ಸುತ್ತ ನೋಡಿದೆ, ಒಂದು ಎಲೆ ಇರಲಿಲ್ಲ. ತಮಾಷೆ ಮಾಡ್ತಿದಾನೆ ಅಂತ ಮುಂದೆ ಬಂದ್ವಿ.”

ಅಭಯ ಪುಸ್ತಕ ಬಿಚ್ಚಿ ತೋರಿಸಿದ. “ಮರ ನಂಬರು ನೂರಾ ಹದಿನೆಂಟು. ಎಲ್ಲಿದೆ ತೋರಿಸಿ.”

“ಬರ್ರಿ” ಎಂದ ಜಡೆಪ್ಪ. ದನಿಯಲ್ಲಿ ಸ್ವಲ್ಪ ಬಿಗಿಯಿತ್ತು. ಇಷ್ಟು ದೊಡ್ಡ ಮರ ಕಾಣದವರು ಹೈದರಾಬಾದ್ ಹೇಗೆ ಮುಟ್ಟುತ್ತಾರೆ ಎಂದು ದಾರಿಯುದ್ದಕ್ಕೂ ವಾಸುದೇವನ ಕಿವಿಯಲ್ಲಿ ಗೊಣಗಿದ. ನಾಲ್ವರೂ ಲಾರಿಗಳ ಪಕ್ಕದಲ್ಲಿ ಹಿಂದಕ್ಕೆ ನಡೆದು ಕ್ರಾಸಿಗೆ ಬಂದರು. ಜಡೆಪ್ಪ ನಿಂತು, ಬಲಗೈ ಎತ್ತಿದ.

ಕೈ ಅರ್ಧಕ್ಕೆ ನಿಂತಿತು.

ಅಲ್ಲಿ ಆಕಾಶ ಇತ್ತು. ಅದರ ಕೆಳಗೆ, ಲಾರಿ ತಿರುಗಲೆಂದು ಅಗಲ ಮಾಡಿದ ಕೆಂಪು ರಸ್ತೆ. ಬಲಗಡೆಯ ಸಂಡೂರಿನ ದಾರಿ ಧೂಳು ಹೊದ್ದು, ಹೊಲಕ್ಕೆ ಹೋಗುವ ಕಾಲುದಾರಿಯ ಹಾಗೆ ಕಾಣುತ್ತಿತ್ತು. ವಾಸುದೇವನೂ ನೋಡಿದ. ಅವನು ಈಗ ತಾನೆ ಇದೇ ಜಾಗ ದಾಟಿಕೊಂಡು ಹೋಗಿದ್ದ. ಹೋದ ತಿಂಗಳು ಇಲ್ಲಿಯೇ ನಿಂತು, ಕಣ್ಣು ತೆರೆದುಕೊಂಡೇ, ದೊಡ್ಡ ಹುಣಸೆಮರ ಎಂದು ಬರೆದಿದ್ದ.

ಅಂಗಡಿಯಿಂದ ಭರಮಣ್ಣ ಕೂಗಿದ. “ಏನು ಹುಡುಕ್ತೀ ಮಾಮ?”

“ಮರ.”

“ಯಾವ ಮರ?”

“ಹುಣಸೆಮರ ಲೇ.”

“ಇದ ಅಲ್ಲೇನು ಹುಣಸೆಮರ” ಎಂದು ಭರಮಣ್ಣ ಕಾಲ ಕೆಳಗಿನ ನೆಲ ತೋರಿಸಿದ. ಆಮೇಲೆ ಎಲ್ಲರ ಮುಖ ನೋಡಿ, “ಓ, ಆ ಮರಾನ? ಅದನ್ನ ಕಡದು ಮೂರು ವರ್ಷ ಆತು. ಲಾರಿ ತಿರುವಾಕ ಜಾಗ ಸಾಲವಲ್ದು ಅಂತ ತಗದ್ರು.”

“ಹೋದ ತಿಂಗಳು ಅದರ ನೆಳ್ಳಾಗ ಕುಂತು ಚಾ ಕುಡದ್ವೆಲ್ಲ.”

“ನನ್ನ ತಾಡಪಾಲಿನ ನೆಳ್ಳು ಅದು. ತೂತು ಬಿದ್ದೈತಿ, ಹೊಸಾದು ತರಬೇಕು ಅಂತ ಆವತ್ತ ಹೇಳಿದ್ನೆಲ್ಲ ಮಾಮ.”

ಅರ್ಚಿತಾ ನಗು ತಡೆಯಲಾರದೆ ಮುಖ ತಿರುಗಿಸಿದಳು. ಅಭಯ ನಗಲಿಲ್ಲ. ಜಡೆಪ್ಪ ಕೈ ಇಳಿಸಿ ವಾಸುದೇವನ ಕಡೆ ನೋಡಿದ.

“ಮಾಸ್ತರ್ರ, ನೀವು ನೋಡಿದ್ರಲ್ಲ ಮರಾನ?”

“ನೋಡಿದ್ದೆ.”

“ನಾನೂ ನೋಡಿದ್ನಿ. ನಂಬರು ಸೈತ ನೋಡಿದ್ನಿ.”

 ಕಾರುಗಳನ್ನು ಮೊದಲು ಹೊರಗೆ ತರಬೇಕಾಗಿತ್ತು. ಹಿಂದಕ್ಕೆ ತಿರುಗಿಸಲು ಜಾಗವಿಲ್ಲ. ಸಾಲು ಕರಗಲು ಸಂಜೆಯಾಗುತ್ತದೆ. ಜಡೆಪ್ಪ ರಸ್ತೆಯ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಹೊಲಗಳ ಕಡೆ ನೋಡಿದ. ಹಿಂದೆ ಗ್ಯಾಂಗಿನವರು ಜಲ್ಲಿ ತರುತ್ತಿದ್ದ ಬಂಡಿದಾರಿಯೊಂದು ಅಲ್ಲಿತ್ತು. ಶೇಂಗಾ ಕಿತ್ತ ಹೊಲದ ನಡುವೆ ಹಾದು ಸಂಡೂರಿನ ರಸ್ತೆ ಸೇರುತ್ತಿತ್ತು. ಆದರೆ ಈಗ ಅವನು ಅದನ್ನು ಕೈ ಮಾಡಿ ತೋರಿಸಲಿಲ್ಲ. ಎದ್ದು, ಒಬ್ಬನೇ ಆ ಕೊನೆಯವರೆಗೆ ನಡೆದು, ಮತ್ತೆ ತಿರುಗಿ ಬಂದು, “ಐತ್ರಿ” ಎಂದ. ಬಿಳಿ ಅಂಗಿ ಸೊಂಟದವರೆಗೆ ಕೆಂಪಾಗಿತ್ತು.

ಹೊಲ ಉಚ್ಚೆಂಗಮ್ಮ ಎಂಬ ಮುದುಕಿಯದು. ಬದುವಿನ ಮೇಲೆ ಕುಳಿತು ಉಳಿದ ಶೇಂಗಾ ಆಯುತ್ತಿದ್ದಳು. ಲಾರಿಗಳ ಸಂದಿನಿಂದ ಕಾರುಗಳು ಒಂದೊಂದೇ ಮೂಗು ಹೊರಳಿಸಿ ಹೊಲಕ್ಕಿಳಿಯುವುದನ್ನು ನೋಡಿ, “ಯಾರ ಮದುವಿನಪ್ಪ ಇದು?” ಎಂದಳು.

“ಮದುವಿ ಅಲ್ಲವ್ವ, ದಾರಿ ತಪ್ಪ್ಯಾರ” ಎಂದ ಜಡೆಪ್ಪ.

“ಇಷ್ಟು ಮಂದಿ ಒಮ್ಮಿಗೇ ತಪ್ಪಿದ್ರ?”

“ಅವರಲ್ಲ. ತಪ್ಪಿದಾವ ನಾನು.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಹೋಗಲು ಬಿಟ್ಟಳು. ಬಿಟ್ಟಿದ್ದಕ್ಕೆ ಅರ್ಚಿತಾಳ ಆಸ್ಟಿನ್ನಿನಲ್ಲಿ ಹೊಲದ ಆ ತುದಿಯವರೆಗೆ ಕುಳಿತು ಹೋದಳು, ಶೇಂಗಾದ ಬುಟ್ಟಿ ತೊಡೆಯ ಮೇಲೆ.

ವಾಸುದೇವನಿಗೆ ಆಶ್ಚರ್ಯವಾದದ್ದು ಕಾರುಗಳನ್ನು ನೋಡಿ. ಎತ್ತರದ ಗಾಲಿ, ನೆಲದಿಂದ ಮೇಲೆತ್ತಿದ ಹೊಟ್ಟೆ. ಬಂಡಿದಾರಿಯ ಮೇಲೆ ಅವು ತವರಿಗೆ ಬಂದ ಹಾಗೆ ಸಲೀಸಾಗಿ ಹೋದವು. ಅವು ಹುಟ್ಟಿದ ಕಾಲಕ್ಕೆ ದಾರಿಗಳು ಹೀಗೇ ಇದ್ದವಲ್ಲ. ಹೂತು ನಿಂತದ್ದು ಒಂದೇ ಒಂದು: ಅವುಗಳ ರಿಪೇರಿಗೆಂದು ಹಿಂದೆ ಬರುತ್ತಿದ್ದ ಹೊಚ್ಚ ಹೊಸ ವ್ಯಾನು. ಅದನ್ನು ಪ್ಲಿಮತ್ತಿಗೆ ಹಗ್ಗ ಕಟ್ಟಿ ಎಳೆದರು. ಎಲ್ಲಕ್ಕಿಂತ ಮುಂದೆ ಜಡೆಪ್ಪ ನಡೆಯುತ್ತಿದ್ದ. ಕಲ್ಲು ಕಂಡರೆ ಎತ್ತಿ ಬದಿಗಿಡುತ್ತ, ತಗ್ಗು ಕಂಡರೆ ಅದರಲ್ಲಿ ತಾನೇ ನಿಂತು ಕೈ ಬೀಸುತ್ತ. ಕುಳಿತುಕೊಳ್ಳಿ ಎಂದು ಅರ್ಚಿತಾ ಎರಡು ಸಲ ಕರೆದಳು. ಅವನು ಬೇಡ ಎಂದು ತಲೆಯಾಡಿಸಿದ.

ಸಂಜೆ ಹೊಸಪೇಟೆಯ ಹೋಟೆಲಿನ ಅಂಗಳದಲ್ಲಿ ಎಲ್ಲರೂ ಕಾರು ತೊಳೆಯುತ್ತಿದ್ದರು. ನೀರು ರಕ್ತದ ಹಾಗೆ ಹರಿಯುತ್ತಿತ್ತು. ಅಭಯ ಒಳ್ಳೆಯವನೇ. ಆದರೆ ಅವನ ಕಾರಿನ ಎಂಜಿನ್ನು ಬಿಚ್ಚಿ ಹಾಸಿತ್ತು. ನಾಳೆ ಕಂಪ್ಲಿ ಬೇಡ, ಹಂಪಿ ನೋಡಿಕೊಂಡು ಹೆದ್ದಾರಿಯಲ್ಲೇ ನಿಧಾನವಾಗಿ ಬಳ್ಳಾರಿಗೆ ಹೋಗುತ್ತೇವೆ ಎಂದ. “ತಪ್ಪು ತಿಳೀಬೇಡಿ. ನಿಮ್ಮ ಪುಸ್ತಕದಲ್ಲಿ ಇನ್ನೆಷ್ಟು ಇಲ್ಲದ ಮರಗಳಿವೆಯೋ ನಮಗೆ ಹೇಗೆ ಗೊತ್ತಾಗಬೇಕು?”

“ನನಗೂ ಗೊತ್ತಿಲ್ರಿ” ಎಂದ ಜಡೆಪ್ಪ.

ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂಬುದು ವಾಸುದೇವನಿಗೆ ಮಾತ್ರ ತಿಳಿಯಿತು. ಕಾರಿನಲ್ಲಿ ಕೂರುವುದು ಹೋಯಿತಲ್ಲ ಎಂಬ ದುಃಖ ಅದಲ್ಲ. ಮೂವತ್ತು ವರ್ಷ ಆ ರಸ್ತೆಗಳ ಬಗ್ಗೆ ಯಾರು ಏನು ಕೇಳಿದರೂ ಅವನು ಗೊತ್ತಿಲ್ಲ ಅಂದಿರಲಿಲ್ಲ.

ಜಡೆಪ್ಪ ಪುಸ್ತಕ ಕೇಳಿ ತೆಗೆದುಕೊಂಡ. ಕಂಪ್ಲಿ ದಾರಿಯಲ್ಲಿ ಎಷ್ಟು ಗುರುತು ಇವೆ ಎಂದು ವಾಸುದೇವನನ್ನು ಕೇಳಿದ. ಅರವತ್ನಾಲ್ಕು.

“ನೀವು ಹತ್ತು ಗಂಟೆಗೆ ಹಂಪಿ ಬಿಡ್ತೀರಿ. ಅಷ್ಟರಾಗ ಅರವತ್ನಾಲ್ಕೂ ಕೈಲೆ ಮುಟ್ಟಿ ಬರ್ತೀನಿ. ಮುಟ್ಟಿದ್ದಕ್ಕ ಸುಣ್ಣ ಹಚ್ತೀನಿ. ಸುಣ್ಣ ಇದ್ರ ಅದು ಐತಿ ಅಂತ. ಕೈಗೆ ಸಿಗದಿದ್ದನ್ನ ಮಾಸ್ತರ್ರು ಹೊಡದು ಹಾಕ್ತಾರ. ನೋಡಿದ್ದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ.”

“ನೋಡಿದ್ದನ್ನ ಯಾಕೆ ಹಿಡಿಯೋದಿಲ್ಲ?” ಎಂದು ಅರ್ಚಿತಾ ಕುತೂಹಲದಿಂದ ಕೇಳಿದಳು.

“ಕಣ್ಣಿಗೆ ಗುರುತಿನವರು ಭಾಳ ಮಂದಿ ಇರ್ತಾರವ್ವ. ಕೈಗೆ ಹಂಗಿಲ್ಲ.”

ಅವಳು ಅಭಯನ ಕಡೆ ನೋಡಿದಳು. ಅಭಯ ಕೈ ಒರೆಸಿಕೊಳ್ಳುತ್ತ, “ಹತ್ತಕ್ಕೆ ಬಂದರೆ ನೋಡೋಣ” ಎಂದ.

ಬೆಳಕು ಹರಿಯುವ ಮೊದಲೇ ಇಬ್ಬರೂ ಹಂಪಿ ಹತ್ತಿರದ ಕಡ್ಡಿರಾಂಪುರ ದಾಟಿದ್ದರು. ಜಡೆಪ್ಪ ಹಳೆಯ ಖಾಕಿ ಅಂಗಿಯಲ್ಲಿದ್ದ. ಹ್ಯಾಂಡಲಿಗೆ ಸುಣ್ಣದ ಡಬ್ಬಿ. ವಾಸುದೇವ ಒಂದೊಂದೇ ಓದುವನು, ಜಡೆಪ್ಪ ಇಳಿದು ಹೋಗಿ ಅಂಗೈ ಒತ್ತಿ ಬರುವನು. ಮೊದಮೊದಲು ಇಬ್ಬರಿಗೂ ಅಂಜಿಕೆ ಇತ್ತು. ಆಮೇಲೆ ಅದು ಬೇರೆ ರೀತಿಯ ಆಟವಾಯಿತು. ಕಬ್ಬಿನ ಗದ್ದೆಯ ಮಗ್ಗುಲಿಗೆ ಇದ್ದ ಬಾವಿ ಮುಚ್ಚಿ ಅದರ ಮೇಲೆ ಮೊಬೈಲು ಗೋಪುರ ಎದ್ದಿತ್ತು. ಬಿಳಿ ಮನೆ ಹಸಿರಾಗಿತ್ತು. ಭತ್ತದ ಗಿರಣಿಯ ಚಿಮಣಿ ಬಿದ್ದು ಐದು ವರ್ಷವಾಗಿತ್ತೆಂದು ಗಿರಣಿಯವನೇ ಹೇಳಿದ. ಒಂದು ಬಸ್ ತಂಗುದಾಣ ಮಾತ್ರ ಇದ್ದೂ ಇಲ್ಲದಂತಿತ್ತು: ಗೋಡೆ ಇತ್ತು, ಸೂರಿರಲಿಲ್ಲ. ಅದಕ್ಕೆ ಸುಣ್ಣ ಹಚ್ಚುವುದೋ ಬೇಡವೋ ಎಂದು ಇಬ್ಬರೂ ರಸ್ತೆ ಮಧ್ಯೆ ನಿಂತು ವಾದ ಮಾಡಿದರು. ಹಚ್ಚಿದರು.

“ಮಾಸ್ತರ್ರ” ಎಂದ ಜಡೆಪ್ಪ, ಕಂಪ್ಲಿಯಲ್ಲಿ ಇಡ್ಲಿ ತಿನ್ನುವಾಗ. “ಇಷ್ಟು ದಿನ ನಾ ಅಡ್ಡಾಡಿದ್ದು ಯಾವ ರಸ್ತಾ ಮ್ಯಾಲ?”

ವಾಸುದೇವ ಪುಸ್ತಕ ಬಿಚ್ಚಿ ಮುಂದಿನ ಗುರುತು ಓದಿದ. 

ಅರವತ್ನಾಲ್ಕರಲ್ಲಿ ಒಂಬತ್ತು ಇರಲಿಲ್ಲ. ಉಳಿದ ಐವತ್ತೈದಕ್ಕೆ ಸುಣ್ಣದ ಅಂಗೈ ಗುರುತು ಬಿದ್ದಿತ್ತು. ಹತ್ತಕ್ಕೆ ಐದು ನಿಮಿಷವಿದ್ದಾಗ ಹಂಪಿಗೆ ಬಂದರು. ಕಾರುಗಳು ಸಾಲಾಗಿ ನಿಂತಿದ್ದವು. ಅಭಯ ಪುಸ್ತಕ ತಿರುವಿ ಹಾಕಿದ, ಕಾಟು ಹೊಡೆದ ಸಾಲುಗಳನ್ನು ನೋಡಿದ, ಜಡೆಪ್ಪನ ಬೆಳ್ಳಗಾದ ಬಲಗೈ ನೋಡಿದ. “ಇಲ್ಲ ಅಂತ ಬರೆದಿರೋದನ್ನ ನೋಡಿದ ಮೇಲೆ, ಇ‌ದೆ ಅನ್ನೋದನ್ನ ನಂಬಬಹುದು” ಎಂದು ಪುಸ್ತಕ ಮಡಚಿದ. “ಕಂಪ್ಲಿ ಮೇಲೇ ಹೋಗೋಣ.”

ಅವನ ಪ್ಲಿಮತ್ ಇನ್ನೂ ಕೆಮ್ಮುತ್ತಿದ್ದುದರಿಂದ ಆಸ್ಟಿನ್ ಮುಂದಾಯಿತು. ಜಡೆಪ್ಪ ಅರ್ಚಿತಾಳ ಪಕ್ಕದಲ್ಲಿ ಕುಳಿತ. ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ವಾಸುದೇವ. ಗಂಟೆಗೆ ಮೂವತ್ತು ಕಿಲೋಮೀಟರಿನ ವೇಗ. ಗುರುತು ಬಂದಾಗಲೆಲ್ಲ ಜಡೆಪ್ಪ ಬೆಳ್ಳಗಿನ ಕೈ ಎತ್ತಿ ತೋರಿಸುತ್ತಿದ್ದ. ಅಲ್ಲಿ ಅದೇ ಕೈಯ ಗುರುತು ಇರುತ್ತಿತ್ತು. ಹಿಂದೆ ಹದಿನಾರು ಕಾರುಗಳು ಒಂದಾದ ಮೇಲೊಂದು ತಿರುಗುತ್ತಿದ್ದವು.

ಕಲ್ಲುಗಳು ಬರತೊಡಗಿದವು.  ನಾಲ್ಕೈದು ದಾಟಿದ ಮೇಲೆ ಜಡೆಪ್ಪ ಹಿಂದಕ್ಕೆ ತಿರುಗಿದ.

“ಮಾಸ್ತರ್ರ, ನನ್ನ ಕಲ್ಲು ಇಷ್ಟು ಹತ್ರ ಹತ್ರ ಅದಾವ ಅಂತ ಗೊತ್ತಿರಲಿಲ್ಲ.”

“ದೂರ ಅಂದ್ಕೊಂಡಿದ್ದೇನು?”

“ಒಂದಕ್ಕೂ ಒಂದಕ್ಕೂ ನಡುವ ನಾನೂರಾ ಐವತ್ತೈದು ಸುತ್ತು ಇತ್ತಲ್ರಿ.” ಮುಂದಿನ ಕಲ್ಲು ಬಂದು ಹೋಯಿತು. “ಈಗ ಒಂದನ್ನ ನೋಡಿ ಮುಗಿಸೋದ್ರಾಗ ಇನ್ನೊಂದು ಬರ್ತೈತಿ.”

ಅದು ಸಂತೋಷವೋ ಬೇಸರವೋ ವಾಸುದೇವನಿಗೆ ತಿಳಿಯಲಿಲ್ಲ. ಜಡೆಪ್ಪನ ಮುಖದಲ್ಲಿ, ಹೊಸ ಊರಿಗೆ ಬಂದವನ ಮುಖದಲ್ಲಿರುವ ಹಾಗೆ, ಕುತೂಹಲ ಮಾತ್ರ ಇತ್ತು. ತೋಳನ್ನು ಬಾಗಿಲ ಮೇಲೆ ಊರಿ, ತಾನೇ ಬರೆದ ಊರುಗಳ ಹೆಸರನ್ನು ಒಂದೊಂದಾಗಿ ಓದಿಕೊಂಡು ಹೋದ.

ಎಮ್ಮಿಗನೂರಿನಲ್ಲಿ ಇಳಿದ. ಅಭಯ ಬಂದು ಕೈ ಹಿಡಿದು, ಹೈದರಾಬಾದಿನವರೆಗೂ ಬನ್ನಿ ಎಂದ. ಜಡೆಪ್ಪ ಒಪ್ಪಲಿಲ್ಲ. “ಇಲ್ಲಿಗೆ ನನ್ನ ಸೆಕ್ಷನ್ ಮುಗೀತ್ರಿ. ಮುಂದಿನ ಕಲ್ಲು ಬ್ಯಾರೆಯವರು ಬರದಾರ. ಅವರನ್ನ ಕೇಳ್ರಿ.” ಅವನೂ ವಾಸುದೇವನೂ ಕಂಪ್ಲಿಯ ಮೇಲೆ ಬಸ್ಸಿನಲ್ಲಿ, ನಿಂತುಕೊಂಡು, ವಾಪಸು ಬಂದರು. ಕಲ್ಲು ಕಾಣಲಿಲ್ಲ.

ಆ ವಾರವೇ ಜಡೆಪ್ಪ ಬಣ್ಣದ ಡಬ್ಬಿ ಹಿಡಿದು ಹುಣಸೆಮರದ ಕ್ರಾಸಿಗೆ ಹೋದ. ಭರಮಣ್ಣನ ಅಂಗಡಿಯ ಮುಂದಿನ ಕಂಬಕ್ಕೆ ಸೊಂಟದ ಎತ್ತರಕ್ಕೆ ಬಿಳಿ ಪಟ್ಟಿ, ಕೆಂಪು ಪಟ್ಟಿ ಎಳೆದು, ನಡುವೆ 118 ಎಂದು ಬರೆದ. ಇದ್ಯಾಕೆ ಎಂದು ಭರಮಣ್ಣ ಕೇಳಿದ್ದಕ್ಕೆ, “ಹೊರಗಿನವರು ಬಂದು ಕೇಳಿದ್ರ ಮುಟ್ಟಾಕ ಏನರ ಇರ್ಲಿ” ಎಂದನಂತೆ. ಪ್ರತಿ ಸಂಕ್ರಾಂತಿಯ ನಂತರ ಹೋಗಿ ಬಣ್ಣ ಹೊಸದು ಮಾಡಿ ಬರುತ್ತಿದ್ದ.

2009ರ ಶ್ರಾವಣದಲ್ಲಿ ಜಡೆಪ್ಪ ತೀರಿಕೊಂಡ. ನಾಲ್ಕು ದಿನದ ಜ್ವರ, ಅಷ್ಟೇ. ಅರವತ್ತಮೂರು ವಯಸ್ಸು. ಆಮೇಲೂ ವಾಸುದೇವ ಸಂಜೆ ವಾಕಿಂಗ್ ಹೊರಟರೆ ಕಾಲು ಚಿತ್ತವಾಡ್ಗಿಯ ಕಡೆಗೇ ತಿರುಗುತ್ತಿತ್ತು. ಗೇಟಿನ ಚಿಲಕ ತೆಗೆದ ಮೇಲೆ ನೆನಪಾಗುತ್ತಿತ್ತು. ಜಂಬವ್ವ ಚಹಾ ಇಡುತ್ತಿದ್ದಳು. ಸೈಕಲ್ಲು ಗೋಡೆಗೆ ಒರಗಿತ್ತು. ಗಾಲಿಯ ಕೆಂಪು ಚೂರು ಹಾಗೇ ಇತ್ತು.

ಸಂಕ್ರಾಂತಿಯ ಮರುದಿನ ಅವಳು ಎರಡು ಡಬ್ಬಿ, ಒಂದು ಕುಂಚ ತಂದು ಅವನ ಮುಂದಿಟ್ಟಳು. “ಬಣ್ಣ ಒಣಗಿ ಹೋಗ್ತೈತ್ರಿ ಮಾಸ್ತರ್ರ. ನನಗಂತೂ ಬರಿಯಾಕ ಬರಂಗಿಲ್ಲ.”

ವಾಸುದೇವ ಬಸ್ಸು ಹತ್ತಿದ. ಎಲ್ಲಿಗೆ ಎಂದು ಕಂಡಕ್ಟರು ಕೇಳಿದಾಗ ಹುಣಸೆಮರ ಎಂದ. ಕಂಡಕ್ಟರು ತಲೆ ಎತ್ತದೆ ಟಿಕೆಟು ಹರಿದುಕೊಟ್ಟ.

ಕಂಬದ ಬಣ್ಣ ಧೂಳಿಗೆ ಮಾಸಿತ್ತು. ವಾಸುದೇವ ಒದ್ದೆ ಬಟ್ಟೆಯಿಂದ ಒರೆಸಿ, ಅಂಗೈ ಒತ್ತಿ ನೋಡಿ, ಪಟ್ಟಿ ಎಳೆದ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ; ಕುಂಚ ಹೇಳಿದ ಮಾತು ಕೇಳಲಿಲ್ಲ. ಭರಮಣ್ಣ ಚಹಾ ತಂದುಕೊಟ್ಟು, ದೂರ ನಿಂತು, ತಲೆ ವಾರೆ ಮಾಡಿ ನೋಡಿದ.

“ಎಂಟು ಸ್ವಲ್ಪ ಬಗ್ಗೈತಿ ಮಾಸ್ತರ್ರ.”

“ಅಳಿಸ್ಲೇನು?”

“ಬ್ಯಾಡ ಬಿಡ್ರಿ. ಮುಂದಿನ ವರ್ಷ ನೆಟ್ಟಗ ಬರೀರಿ.”